ರದ್ದಿ ಕಾಗದದಲ್ಲಿ ಹೊಸ ಗ್ರಹ

ನಿನ್ನೆಯ ಪತ್ರಿಕೆಗೆ ಇವತ್ತು ಬೆಲೆಯಿಲ್ಲ. ತಿಂಗಳು ತುಂಬಿದರೆ ರದ್ದಿಯವನ ತಕ್ಕಡಿಯಲ್ಲಿ ಅದಕ್ಕೆ ಕಿಲೋ ಲೆಕ್ಕದ ಬೆಲೆ. ಆದರೆ ಅದೇ ಪತ್ರಿಕೆ ತಕ್ಕಡಿಯಿಂದ, ಗೆದ್ದಲಿನಿಂದ, ಮಳೆಯಿಂದ, ಬೋಂಡಾ ಕಟ್ಟುವ ಕೈಯಿಂದ ಹೇಗೋ ಪಾರಾಗಿ ನೂರಿನ್ನೂರು ವರ್ಷ ಉಳಿದುಬಿಟ್ಟರೆ ಅದನ್ನು ಹುಡುಕಿಕೊಂಡು ಬರುವವರಿದ್ದಾರೆ. ಯುರೋಪು, ಅಮೆರಿಕಗಳಲ್ಲಿ ಹಳೆಯ ಪತ್ರಿಕೆಗಳನ್ನು ಸಂಗ್ರಹಿಸುವುದು ಅಂಚೆಚೀಟಿ, ನಾಣ್ಯಗಳ ಸಂಗ್ರಹದಂತೆಯೇ ಬೇರೂರಿದ ಹವ್ಯಾಸ. ಹೆಚ್ಚಿನವರು ಯುದ್ಧ, ಕೊಲೆ, ಪಟ್ಟಾಭಿಷೇಕಗಳ ಸುದ್ದಿಯ ಹಿಂದೆ ಬೀಳುತ್ತಾರೆ. ಅವರ ನಡುವೆ ಒಂದು ಸಣ್ಣ ಗುಂಪು ವಿಜ್ಞಾನದ ಸುದ್ದಿಯನ್ನು ಮಾತ್ರ ಹುಡುಕುತ್ತದೆ. ಒಂದು ಹೊಸ ಗ್ರಹ, ಒಂದು ಹೊಸ ಕಿರಣ ಮೊದಲ ಸಲ ಜನರ ಕಿವಿಗೆ ಬಿದ್ದ ದಿನದ ಕಾಗದ ಇವರಿಗೆ ಬೇಕು.

ಇದರಲ್ಲೇನು ಸುಖ ಎಂದು ಕೇಳಬಹುದು. ಯುರೇನಸ್ ಗ್ರಹ ಪತ್ತೆಯಾದದ್ದು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆಯಲ್ಲ? ಇದೆ. ಆದರೆ ಪಠ್ಯಪುಸ್ತಕ ಬರೆದವನಿಗೆ ಕಥೆಯ ಕೊನೆ ಗೊತ್ತಿರುತ್ತದೆ, ಪತ್ರಿಕೆಗೆ ಗೊತ್ತಿರುವುದಿಲ್ಲ. 1781ರ ಮಾರ್ಚ್ 13ರ ರಾತ್ರಿ ಇಂಗ್ಲೆಂಡಿನ ಬಾತ್ ನಗರದಲ್ಲಿ ಸಂಗೀತವನ್ನೇ ಕಸುಬಾಗಿಸಿಕೊಂಡಿದ್ದ ವಿಲಿಯಂ ಹರ್ಷೆಲ್ ತಾನೇ ಉಜ್ಜಿ ಮಾಡಿದ ದೂರದರ್ಶಕದಲ್ಲಿ ಆ ಗ್ರಹವನ್ನು ಕಂಡ. ರಾಯಲ್ ಸೊಸೈಟಿಯ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯಲ್ಲಿ ಅದೇ ವರ್ಷ ಅಚ್ಚಾದ ಅವನ ಲೇಖನದ ತಲೆಬರಹ ‘ಒಂದು ಧೂಮಕೇತುವಿನ ವಿವರ’ ಎಂಬರ್ಥದ್ದು. ಗ್ರಹವೆಂಬ ಮಾತೇ ಅಲ್ಲಿಲ್ಲ. ಶನಿಯಿಂದಾಚೆಗೆ ಇನ್ನೊಂದು ಗ್ರಹವಿರಬಹುದೆಂದು ಅಂದಿನವರಿಗೆ ಅಷ್ಟು ಸುಲಭವಾಗಿ ಹೊಳೆಯಲಿಲ್ಲ. ಗ್ರಹವೆಂದು ಖಚಿತವಾದ ಮೇಲೂ ಹರ್ಷೆಲ್ ಅದಕ್ಕೆ ತನ್ನ ದೊರೆ ಜಾರ್ಜನ ಹೆಸರಿಟ್ಟ. ಇಂಗ್ಲೆಂಡಿನ ನಾವಿಕ ಪಂಚಾಂಗದಲ್ಲಿ ಆ ಹೆಸರು 1850ರವರೆಗೂ ಉಳಿದಿತ್ತು. ಹೀಗಾಗಿ ಹಳೆಯ ಪತ್ರಿಕೆಗಳ ರಾಶಿಯಲ್ಲಿ ‘ಯುರೇನಸ್’ ಎಂದು ಹುಡುಕುವವನಿಗೆ ಏನೂ ಸಿಗುವುದಿಲ್ಲ, ‘ಧೂಮಕೇತು’ ಎಂದು ಹುಡುಕುವವನಿಗೆ ಸಿಗುತ್ತದೆ. ಈ ಹವ್ಯಾಸದ ಮೊದಲ ಪಾಠವೇ ಇದು: ಅಂದಿನವರ ಅಜ್ಞಾನವನ್ನು ನಾವು ಕಲಿತುಕೊಳ್ಳಬೇಕು.

ಈ ಹರ್ಷೆಲ್ ಮನೆತನ ಒಂದನ್ನೇ ಹಿಡಿದು ಹೊರಟರೂ ಸಂಗ್ರಾಹಕನೊಬ್ಬನ ಆಯುಷ್ಯ ಸಾಲದು. ವಿಲಿಯಮನ ಮಗ ಸರ್ ಜಾನ್ ಹರ್ಷೆಲ್ ದಕ್ಷಿಣ ಗೋಳಾರ್ಧದ ನಕ್ಷತ್ರಗಳನ್ನು ನೋಡಲೆಂದು 1834ರಲ್ಲಿ ಸಂಸಾರ ಸಮೇತ ಆಫ್ರಿಕದ ಕೇಪಿಗೆ ಹೋಗಿ ಇಳಿದ. ಅವನು ಅಲ್ಲಿ ತನ್ನ ಪಾಡಿಗೆ ಆಕಾಶ ನೋಡುತ್ತಿದ್ದಾಗ, 1835ರ ಆಗಸ್ಟ್ 25ರಂದು ನ್ಯೂಯಾರ್ಕಿನ ‘ಸನ್’ ಎಂಬ ಒಂದು ಸೆಂಟಿನ ಪತ್ರಿಕೆ ಆರು ಕಂತುಗಳ ವರದಿಯೊಂದನ್ನು ಶುರುಮಾಡಿತು. ಹರ್ಷೆಲ್ ಸಾಹೇಬರು ಇಪ್ಪತ್ತನಾಲ್ಕು ಅಡಿ ಅಗಲದ ಮಸೂರದಿಂದ ಚಂದ್ರನನ್ನು ನೋಡಿದ್ದಾರಂತೆ. ಅಲ್ಲಿ ಕಾಡುಕೋಣದಂಥ ಪ್ರಾಣಿಗಳಿವೆಯಂತೆ. ಬಾಲವಿಲ್ಲದ ಬೀವರುಗಳು ಎರಡು ಕಾಲಿನ ಮೇಲೆ ನಡೆದು, ಮರಿಗಳನ್ನು ತೋಳಿನಲ್ಲಿ ಎತ್ತಿಕೊಂಡು ಓಡಾಡುತ್ತವಂತೆ, ಅವುಗಳ ಗುಡಿಸಲಿನಿಂದ ಹೊಗೆ ಬೇರೆ ಏಳುತ್ತದಂತೆ! ನಾಲ್ಕನೆಯ ಕಂತಿನ ಹೊತ್ತಿಗೆ ಬಾವಲಿ ರೆಕ್ಕೆಯ ಮನುಷ್ಯರೂ ಬಂದರು. ಕೊನೆಗೆ ಮಸೂರವನ್ನು ಮುಚ್ಚಿಡಲು ಮರೆತು, ಬಿಸಿಲು ಅದರಲ್ಲಿ ಕೂಡಿ ವೀಕ್ಷಣಾಲಯಕ್ಕೇ ಬೆಂಕಿ ಬಿತ್ತೆಂದು ಕಥೆ ಮುಗಿಯಿತು.

ಇದನ್ನು ಬರೆದವನು ಪತ್ರಿಕೆಯ ಸಂಪಾದಕ ರಿಚರ್ಡ್ ಆಡಮ್ಸ್ ಲಾಕ್ ಎಂಬುದು ಇಂದು ಎಲ್ಲರೂ ಒಪ್ಪಿದ ಮಾತು. ವರದಿಗೆ ಮೂಲವೆಂದು ಅವನು ಹೆಸರಿಸಿದ ಎಡಿನ್‌ಬರೋದ ವಿಜ್ಞಾನ ಪತ್ರಿಕೆ ಅಷ್ಟರಲ್ಲಾಗಲೇ ನಿಂತುಹೋಗಿತ್ತು. ಕೇಪಿನಲ್ಲಿ ಹರ್ಷೆಲ್ ಬಳಿ ಇದ್ದದ್ದು ಹದಿನೆಂಟು ಅಂಗುಲದ ಕನ್ನಡಿಯ ದೂರದರ್ಶಕ. ಸುದ್ದಿ ಅವನಿಗೆ ಮುಟ್ಟುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ನನಗೆ ಕುತೂಹಲ ಹುಟ್ಟಿಸುವುದು ಜನ ನಂಬಿದರೆನ್ನುವುದಲ್ಲ, ನಂಬಲು ಅವರಿಗೆ ಇದ್ದ ಕಾರಣಗಳು. ಹರ್ಷೆಲ್ ನಿಜವಾದ ವ್ಯಕ್ತಿ, ಕೇಪಿನಲ್ಲಿ ನಿಜವಾಗಿಯೂ ಇದ್ದ, ನಿಜವಾಗಿಯೂ ಆಕಾಶ ನೋಡುತ್ತಿದ್ದ. ಅಪ್ಪ ಹೊಸ ಗ್ರಹವನ್ನೇ ಕಂಡಿರುವಾಗ ಮಗ ಚಂದ್ರನ ಬೀವರನ್ನು ಕಾಣಬಾರದೇಕೆ? ಆ ಆರು ಸಂಚಿಕೆಗಳು, ಮುಂದೆ ಅದೇ ಬರಹವನ್ನು ಸೇರಿಸಿ ಅಚ್ಚುಹಾಕಿದ ಕಿರುಹೊತ್ತಿಗೆ, ಜೊತೆಗೆ ಬಂದ ಕಲ್ಲಚ್ಚಿನ ಚಿತ್ರಗಳು ಈಗ ಸಂಗ್ರಾಹಕರ ಕಣ್ಣಿಗೆ ದೊಡ್ಡ ನಿಧಿ. ನಿಜವಾದ ಎಷ್ಟೋ ಸಂಶೋಧನೆಗಳ ವರದಿಗಿಂತ ಈ ಸುಳ್ಳಿಗೇ ಹೆಚ್ಚು ಗಿರಾಕಿಗಳಿರುವುದು ತಮಾಷೆಯಾದರೂ ದಿಟ.

ಸರ್ ಜಾನ್ ಕೇಪಿನಲ್ಲಿದ್ದಾಗಲೇ, 1837ರಲ್ಲಿ, ಅವನಿಗೊಬ್ಬ ಮಗ ಹುಟ್ಟಿದ. ಅವನ ಹೆಸರೂ ಜಾನ್. ಮುಂದೆ ಸೇನೆಯ ಎಂಜಿನಿಯರಾಗಿ ಭಾರತಕ್ಕೆ ಬಂದ ಈ ಲೆಫ್ಟಿನೆಂಟ್ ಹರ್ಷೆಲ್ ನಮ್ಮ ಕಡೆಯವರಿಗೆ ಪರಿಚಿತನಾಗಿರಬೇಕಿತ್ತು. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ನೋಡಲು ಅವನು ರೋಹಿತದರ್ಶಕವನ್ನು ಹೂಡಿಕೊಂಡು ಕುಳಿತದ್ದು ಜಮಖಂಡಿಯಲ್ಲಿ. ಆಗ ಪಟವರ್ಧನ ಮನೆತನದ ಸಂಸ್ಥಾನ, ಈಗ ಬಾಗಲಕೋಟೆ ಜಿಲ್ಲೆ. ಆಗಸ್ಟ್ ತಿಂಗಳು, ಮೋಡ ಕಾಡಿಯೇ ಕಾಡಿತು. ಆದರೂ ಸಿಕ್ಕ ಕೆಲವು ಕ್ಷಣಗಳಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕಿನಲ್ಲಿ ಬಿಡಿಬಿಡಿಯಾದ ಪ್ರಕಾಶಮಾನ ಗೆರೆಗಳನ್ನು ಅವನು ಕಂಡ. ಆ ಜ್ವಾಲೆಗಳು ಉರಿಯುವ ಅನಿಲವೆಂಬುದಕ್ಕೆ ಅದು ಸಾಕ್ಷಿ. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಕೂಡ ಅದನ್ನೇ ಕಂಡು, ಗ್ರಹಣವಿಲ್ಲದಾಗಲೂ ಆ ಗೆರೆಗಳನ್ನು ನೋಡುವ ಉಪಾಯ ಹುಡುಕಿದ. ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಸ್ವತಂತ್ರವಾಗಿ ಅದೇ ಉಪಾಯ ಮಾಡಿದ. ಹಳದಿಯ ಒಂದು ಗೆರೆ ಯಾವ ಪರಿಚಿತ ಧಾತುವಿಗೂ ಹೊಂದಲಿಲ್ಲ. ಅದಕ್ಕೆ ಹೀಲಿಯಂ ಎಂದು ಹೆಸರಾಯಿತು. ಭೂಮಿಯ ಮೇಲೆ ಅದು ಕೈಗೆ ಸಿಕ್ಕಿದ್ದು 1895ರಲ್ಲಿ.

ಜಮಖಂಡಿಯ ಹೆಸರು ತಲೆಬರಹದಲ್ಲೇ ಇರುವ ಹರ್ಷೆಲನ ವರದಿ ಲಂಡನ್ನಿನ ರಾಯಲ್ ಸೊಸೈಟಿಯ ‘ಪ್ರೊಸೀಡಿಂಗ್ಸ್’ನಲ್ಲಿದೆ. ನಮ್ಮವರು ಯಾರಾದರೂ ಈ ಬಗೆಯ ಸಂಗ್ರಹ ಆರಂಭಿಸುವುದಾದರೆ ಇಲ್ಲಿಂದಲೇ ಆರಂಭಿಸಬಹುದು. ಅದರ ಪಕ್ಕಕ್ಕೆ, 1871ರ ಡಿಸೆಂಬರ್ 12ರ ಗ್ರಹಣಕ್ಕೆ ಲಾಕ್ಯರನೇ ಬಂದಿಳಿದ ಬೇಕಲಕೋಟೆಯ ವರದಿಗಳು. ಕಾಸರಗೋಡಿನ ಬೇಕಲ ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಷ್ಟರಲ್ಲಿ ಲಾಕ್ಯರ್ ತಾನೇ ಒಂದು ವಾರಪತ್ರಿಕೆಯ ಸಂಪಾದಕನಾಗಿದ್ದ. 1869ರ ನವೆಂಬರ್ 4ರಂದು ಹೊರಟ ಆ ಪತ್ರಿಕೆಯೇ ‘ನೇಚರ್’.

ಹರ್ಷೆಲ್ ಮನೆತನದ ಸುದ್ದಿ ‘ನೇಚರ್’ನಲ್ಲೂ ತಪ್ಪಲಿಲ್ಲ. 1880ರ ಅಕ್ಟೋಬರ್ 28ರ ಸಂಚಿಕೆಯಲ್ಲಿ ಜಪಾನಿನಲ್ಲಿದ್ದ ವೈದ್ಯ ಹೆನ್ರಿ ಫಾಲ್ಡ್ಸ್, ಬೆರಳಿನ ಗೆರೆಗಳಿಂದ ಅಪರಾಧಿಗಳನ್ನು ಗುರುತಿಸಬಹುದೆಂದು ಬರೆದ. ನವೆಂಬರ್ 25ರ ಸಂಚಿಕೆಯಲ್ಲಿ ಉತ್ತರ ಬಂತು: ಬಂಗಾಳದಲ್ಲಿ ತಾನು ಇಪ್ಪತ್ತು ವರ್ಷಗಳಿಂದ ಜನರ ಬೆರಳಚ್ಚು ಪಡೆಯುತ್ತಿದ್ದೇನೆ ಎಂದು. ಬರೆದವನು ಜಮಖಂಡಿಯ ಹರ್ಷೆಲನ ಅಣ್ಣ, ವಿಲಿಯಂ ಜೇಮ್ಸ್. ಮೊದಲಿಗ ಯಾರೆಂಬ ಜಗಳ ಮುಂದೆ ದಶಕಗಳ ಕಾಲ ನಡೆಯಿತು. ಈ ಎರಡು ಸಂಚಿಕೆಗಳನ್ನು ಅಕ್ಕಪಕ್ಕ ಇಟ್ಟುಕೊಂಡವನಿಗೆ ಆ ಜಗಳದ ಮೊದಲ ದಿನವೇ ಮೇಜಿನ ಮೇಲೆ ಇದ್ದಂತೆ.

‘ಮೊದಲ ವರದಿ’ ಎಂಬ ಮಾತೂ ಹೇಳುವಷ್ಟು ಸರಳವಲ್ಲ. 1665ರ ಮಾರ್ಚಿನಲ್ಲಿ ಬಂದ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ನ ಮೊಟ್ಟಮೊದಲ ಸಂಚಿಕೆಯಲ್ಲಿ ಗುರುಗ್ರಹದ ಮೇಲಿನ ಚುಕ್ಕೆಯ ವಿಷಯವೂ ಇದೆ, ವಿಕಾರವಾಗಿ ಹುಟ್ಟಿದ ಕರುವೊಂದರ ವಿಷಯವೂ ಇದೆ. ಯಾವುದು ಉಳಿಯುವ ಸುದ್ದಿ ಎಂದು ಸಂಪಾದಕ ಓಲ್ಡನ್‌ಬರ್ಗನಿಗೆ ಯಾರು ಹೇಳಬೇಕಿತ್ತು? ಬೆಂಜಮಿನ್ ಫ್ರಾಂಕ್ಲಿನ್ ಗಾಳಿಪಟ ಹಾರಿಸಿ ಮಿಂಚನ್ನು ಇಳಿಸಿದ ವಿಷಯ 1752ರ ಅಕ್ಟೋಬರ್ 19ರ ‘ಪೆನ್ಸಿಲ್ವೇನಿಯಾ ಗೆಜೆಟ್’ನಲ್ಲಿದೆ. ಪತ್ರಿಕೆ ಅವನದೇ, ಆದರೂ ಹಾರಿಸಿದವನು ತಾನೇ ಎಂದು ಅವನು ಅದರಲ್ಲಿ ಹೇಳಿಕೊಂಡಿಲ್ಲ. ರೈಟ್ ಸಹೋದರರ ಕಥೆ ಇನ್ನೂ ಸೊಗಸು. ಅವರ ವಿಮಾನ 1904ರ ಸೆಪ್ಟೆಂಬರ್ 20ರಂದು ಆಕಾಶದಲ್ಲಿ ಪೂರ್ಣ ಸುತ್ತು ಹಾಕಿದ್ದನ್ನು ಕಣ್ಣಾರೆ ಕಂಡವನ ವರದಿ ಮೊದಲು ಅಚ್ಚಾದದ್ದು ಯಾವ ದೊಡ್ಡ ದಿನಪತ್ರಿಕೆಯಲ್ಲೂ ಅಲ್ಲ, ಜೇನು ಸಾಕುವವರಿಗಾಗಿ ಹೊರಡುತ್ತಿದ್ದ ‘ಗ್ಲೀನಿಂಗ್ಸ್ ಇನ್ ಬೀ ಕಲ್ಚರ್’ ಎಂಬ ಪತ್ರಿಕೆಯ 1905ರ ಜನವರಿ ಸಂಚಿಕೆಯಲ್ಲಿ. ಅದರ ಒಡೆಯ ಏಮಸ್ ರೂಟ್ ಡೇಟನ್ನಿಗೆ ಹೋಗಿ ನೋಡಿ ಬಂದಿದ್ದ. ಮರುವರ್ಷ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ಈ ಸಹೋದರರ ಹಾರಾಟವನ್ನೇ ಶಂಕಿಸಿ ಬರೆಯಿತು!

ಕ್ಷ-ಕಿರಣದ ಸುದ್ದಿ ಹೊರಬಿದ್ದ ಬಗೆಯೂ ಹಾಗೆಯೇ, ಪರಿಚಯದ ಮೇಲೆ. ರಾಂಟ್ಜೆನ್ 1896ರ ಹೊಸ ವರ್ಷದ ದಿನ ತನ್ನ ಲೇಖನದ ಬಿಡಿ ಪ್ರತಿಗಳನ್ನು, ಮೂಳೆ ಕಾಣುವ ಛಾಯಾಚಿತ್ರಗಳ ಸಮೇತ, ಗೆಳೆಯರಿಗೆ ಅಂಚೆ ಮಾಡಿದ. ವಿಯೆನ್ನಾದ ಎಕ್ಸ್‌ನರ್ ಅವನ್ನು ಮನೆಗೆ ಬಂದವರಿಗೆ ತೋರಿಸಿದ. ಬಂದವರಲ್ಲೊಬ್ಬ ಭೌತವಿಜ್ಞಾನಿ ಲೆಷರ್, ಅವನ ಅಪ್ಪ ‘ಡೀ ಪ್ರೆಸ್ಸೆ’ ಪತ್ರಿಕೆಯ ಸಂಪಾದಕ. ಜನವರಿ 5ರ ಭಾನುವಾರ ಸುದ್ದಿ ಮುಖಪುಟಕ್ಕೆ ಬಂತು. ಅಲ್ಲಿಂದ ಲಂಡನ್ನಿಗೆ, ಲಂಡನ್ನಿನಿಂದ ತಂತಿಯ ಮೂಲಕ ಜಗತ್ತಿಗೆ. ದಾರಿಯಲ್ಲಿ ಅಕ್ಷರ ತಪ್ಪಿ ರಾಂಟ್ಜೆನ್ ‘ರೌಟ್ಜೆನ್’ ಆಗಿಬಿಟ್ಟ. ಸಂಗ್ರಾಹಕರಿಗೆ ಆ ತಪ್ಪಿನ ಮೇಲೂ ಪ್ರೀತಿ.

1919ರಲ್ಲಿ ಸೂರ್ಯಗ್ರಹಣದ ಅಳತೆಗಳು ಐನ್‌ಸ್ಟೈನನ ಸಿದ್ಧಾಂತವನ್ನು ಎತ್ತಿಹಿಡಿದಾಗ ಲಂಡನ್ನಿನ ‘ಟೈಮ್ಸ್’ ನವೆಂಬರ್ 7ರಂದು ವಿಜ್ಞಾನದಲ್ಲಿ ಕ್ರಾಂತಿ ಎಂದು ಸಾರಿತು. ‘ನ್ಯೂಯಾರ್ಕ್ ಟೈಮ್ಸ್’ ಲಂಡನ್ನಿನಲ್ಲಿದ್ದ ತನ್ನ ಗಾಲ್ಫ್ ವರದಿಗಾರ ಹೆನ್ರಿ ಕ್ರೌಚನಿಗೆ ಈ ಕೆಲಸ ಒಪ್ಪಿಸಿತ್ತು. ನವೆಂಬರ್ 10ರ ಅದರ ತಲೆಬರಹದಲ್ಲಿ ಆಕಾಶದ ದೀಪಗಳೆಲ್ಲ ಸೊಟ್ಟಗಾಗಿದ್ದವು.

ಈಗ ಕಾಗದದ ವಿಷಯಕ್ಕೆ ಬರೋಣ. ಹಳೆಯದಾದಷ್ಟೂ ಕಾಗದ ಹಾಳಾಗಿರುತ್ತದೆಂದು ನಾವು ಭಾವಿಸುತ್ತೇವೆ. ಪತ್ರಿಕೆಗಳ ಮಟ್ಟಿಗೆ ಇದು ತಲೆಕೆಳಗು. ಹತ್ತೊಂಬತ್ತನೆಯ ಶತಮಾನದ ನಡುಗಾಲದವರೆಗೆ ಕಾಗದವನ್ನು ಹತ್ತಿ, ನಾರಿನ ಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು. 1665ರ ಹಾಳೆ ಇಂದಿಗೂ ಮಡಿಸಿದರೆ ಮುರಿಯದು. ಆಮೇಲೆ ಚಿಂದಿ ಸಾಲದೆ ಮರದ ತಿರುಳು ಬಂತು. ಮರದಲ್ಲಿರುವ ಲಿಗ್ನಿನ್ ಬೆಳಕಿಗೆ, ಗಾಳಿಗೆ ಹಳದಿಯಾಗುತ್ತದೆ. ಶಾಯಿ ಹರಡದಿರಲೆಂದು ಬೆರೆಸಿದ ಪಟಿಕ ಆಮ್ಲವನ್ನು ಹುಟ್ಟಿಸಿ ಒಳಗಿನಿಂದಲೇ ಹಾಳೆಯನ್ನು ತಿನ್ನುತ್ತದೆ. ಆದ್ದರಿಂದ ಗಾಳಿಪಟದ ವರದಿ ಗಟ್ಟಿಯಾಗಿರುತ್ತದೆ, ಐನ್‌ಸ್ಟೈನನ ವರದಿ ಹಪ್ಪಳದಂತೆ ಪುಡಿಯಾಗುತ್ತದೆ.

ನಕಲು ಹಿಡಿಯುವುದಕ್ಕೂ ಇದೇ ಸೂತ್ರ. 1800ರ ಪತ್ರಿಕೆಯೆಂದು ಕೊಟ್ಟದ್ದು ಮರದ ತಿರುಳಿನ ಕಾಗದವಾಗಿದ್ದರೆ ಮುಂದೆ ಮಾತೇ ಬೇಡ. ವಾಷಿಂಗ್ಟನ್ನನ ಮರಣವಾರ್ತೆ ಇರುವ ‘ಅಲ್ಸ್ಟರ್ ಕೌಂಟಿ ಗೆಜೆಟ್’ ಎಂಬ ಪತ್ರಿಕೆಯ ಮರುಮುದ್ರಣಗಳು ಅಮೆರಿಕದ ಅಟ್ಟಗಳಲ್ಲಿ ಲೆಕ್ಕವಿಲ್ಲದಷ್ಟಿವೆ, ಪ್ರತಿ ಮನೆಯವರೂ ತಮ್ಮದೇ ಮೂಲ ಪ್ರತಿ ಎನ್ನುತ್ತಾರೆ. ಕೈಕಾಗದವನ್ನು ಬೆಳಕಿಗೆ ಹಿಡಿದರೆ ಕಾಣುವ ತಂತಿಗೆರೆಗಳು, ನೀರುಗುರುತು, ಮೊಳೆ ಒತ್ತಿದ ತಗ್ಗು, ಬ್ರಿಟಿಷ್ ಪತ್ರಿಕೆಗಳಾದರೆ 1855ರವರೆಗೆ ಇದ್ದ ಸುಂಕದ ಮುದ್ರೆ, ಇವನ್ನೆಲ್ಲ ನೋಡಬೇಕು. ಅತಿನೇರಳೆ ದೀಪದಡಿ ಹಾಳೆ ನೀಲಿಯಾಗಿ ಹೊಳೆದರೆ ಅದು ಬಿಳಿಚುವ ರಾಸಾಯನಿಕ ಬೆರೆಸಿದ, ಇಪ್ಪತ್ತನೆಯ ಶತಮಾನದ ನಡುವಿನ ನಂತರದ ಕಾಗದ. ಇನ್ನು ‘ನೇಚರ್’ನಂಥ ಪತ್ರಿಕೆಗಳಲ್ಲಿ ಹೊದಿಕೆಯ ಹಾಳೆ, ಜಾಹೀರಾತು ಉಳಿದಿರುವ ಬಿಡಿ ಸಂಚಿಕೆಗೆ ಬೆಲೆ ಹೆಚ್ಚು. ಗ್ರಂಥಾಲಯಗಳು ಬೈಂಡು ಮಾಡಿಸುವಾಗ ಅವನ್ನು ಕಿತ್ತು ಎಸೆಯುತ್ತಿದ್ದವು. 1953ರ ಏಪ್ರಿಲ್ 25ರ, ಡಿಎನ್‌ಎಯ ಜೋಡಿ ಸುರುಳಿಯನ್ನು ಒಂದು ಪುಟದಷ್ಟರಲ್ಲೇ ಹೇಳಿ ಮುಗಿಸಿದ ಸಂಚಿಕೆಗೂ ಬಹುಪಾಲು ಇದೇ ಗತಿಯಾಯಿತು.

ಗ್ರಂಥಾಲಯಗಳು ಎಸೆದದ್ದು ಹೊದಿಕೆಯನ್ನಷ್ಟೇ ಅಲ್ಲ. ಪುಡಿಯಾಗುವ ಕಾಗದಕ್ಕೆ ಹೆದರಿ, ಜಾಗ ಸಾಲದೆ, ದೊಡ್ಡ ದೊಡ್ಡ ಗ್ರಂಥಾಲಯಗಳು ಪತ್ರಿಕೆಗಳನ್ನು ಮೈಕ್ರೋಫಿಲ್ಮ್ ಮಾಡಿ ಮೂಲವನ್ನು ಹೊರಹಾಕಿದವು. 1999ರಲ್ಲಿ ಬ್ರಿಟಿಷ್ ಲೈಬ್ರರಿ ಅಮೆರಿಕದ ಹಳೆಯ ಪತ್ರಿಕೆಗಳ ಸಂಪುಟಗಳನ್ನು ಮಾರಲು ತೆಗೆದಾಗ ನಿಕಲ್ಸನ್ ಬೇಕರ್ ಎಂಬ ಕಾದಂಬರಿಕಾರ ಸ್ವಂತ ಹಣ ಹಾಕಿ ಅವುಗಳ ದೊಡ್ಡ ಪಾಲನ್ನು ಕೊಂಡ. ಅವು ಈಗ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿವೆ. ಫಿಲ್ಮಿನಲ್ಲಿ ಅಕ್ಷರ ಉಳಿಯುತ್ತದೆ, ಬಣ್ಣದ ಪುಟ ಉಳಿಯುವುದಿಲ್ಲ. ಒಮ್ಮೆ ತಪ್ಪಾಗಿ ತೆಗೆದ ಚಿತ್ರವನ್ನು ಸರಿಪಡಿಸಲು ಮೂಲವೇ ಇರುವುದಿಲ್ಲ.

ನಮ್ಮಲ್ಲಿ ಕಥೆ ಚಿಕ್ಕದು, ಏಕೆಂದರೆ ಉಳಿದದ್ದು ಕಡಿಮೆ. 1843ರ ‘ಮಂಗಳೂರ ಸಮಾಚಾರ’ದಿಂದ ಲೆಕ್ಕ ಹಿಡಿದರೆ ಕನ್ನಡ ಪತ್ರಿಕೆಗಳಿಗೆ ನೂರೆಂಬತ್ತು ವರ್ಷ ದಾಟಿದೆ. 1918ರ ಸುಮಾರಿಗೆ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಸೇರಿ ಎರಡು ವರ್ಷ ನಡೆಸಿದ ‘ವಿಜ್ಞಾನ’ ಮಾಸಪತ್ರಿಕೆ, ಕನ್ನಡಕ್ಕೆ ಎಷ್ಟೋ ಪಾರಿಭಾಷಿಕ ಪದಗಳನ್ನು ಒಗ್ಗಿಸಲು ಹೆಣಗಿದ ಪತ್ರಿಕೆ. ಹಳೆಯ ಮನೆಯೊಂದನ್ನು ಖಾಲಿ ಮಾಡುವಾಗ ಅದರ ಬಿಡಿ ಸಂಚಿಕೆ ಕಂಡರೆ ತಕ್ಕಡಿಗೆ ಹಾಕಬೇಡಿ. ಅದಕ್ಕೆ ಸೆಲ್ಲೋಟೇಪು ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಸುರುಳಿ ಸುತ್ತಬೇಡಿ. ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿ, ಬೆಳಕು ತಾಗದ ಒಣ ಜಾಗದಲ್ಲಿ ಇಡಿ.

ಬೆಂಗಳೂರಿನಲ್ಲಿ ಹುಡುಕಬೇಕಾದ ಇನ್ನೊಂದು ಕಾಗದವಿದೆ. 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ತಾನು ಕಂಡ ಹೊಸ ವಿಕಿರಣದ ಬಗ್ಗೆ ಸಿ.ವಿ. ರಾಮನ್ ವಿವರವಾಗಿ ಮಾತಾಡಿದ್ದು ಮಾರ್ಚ್ 16ರಂದು ಬೆಂಗಳೂರಿನಲ್ಲಿ. ಆ ಉಪನ್ಯಾಸವನ್ನು ಅವರು ತಡಮಾಡದೆ ಅಚ್ಚು ಹಾಕಿಸಿ, ಬಿಡಿ ಪ್ರತಿಗಳನ್ನು ದೇಶವಿದೇಶಗಳ ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳಿಸಿಬಿಟ್ಟರು. ಅವುಗಳಲ್ಲಿ ಕೆಲವಾದರೂ ಊರಲ್ಲೇ ಯಾರದೋ ಪುಸ್ತಕದ ನಡುವೆ ಉಳಿದಿರಬೇಕು.