ಮಿನಿ ಟ್ರ್ಯಾಕ್ಟರ್ ಖರೀದಿ: ಗೇರ್ ಮಾದರಿ ಮತ್ತು ಹೈಡ್ರೋಸ್ಟ್ಯಾಟಿಕ್ ಮಾದರಿಯ ಆಯ್ಕೆ – ಉಡುಪಿ ಜಿಲ್ಲೆಯ ಅರ್ಜಿದಾರ ರೈತರಿಗೆ ಮಾಹಿತಿ

ಕೃಷಿ ಕಾರ್ಮಿಕರ ಕೊರತೆಯಿಂದಾಗಿ ಉಡುಪಿ ಜಿಲ್ಲೆಯ ಸಣ್ಣ ಹಿಡುವಳಿದಾರರೂ ಮಿನಿ ಟ್ರ್ಯಾಕ್ಟರ್ ಖರೀದಿಗೆ ಮುಂದಾಗುತ್ತಿದ್ದಾರೆ. ಸಹಾಯಧನಕ್ಕೆ ಅರ್ಜಿ ಸಲ್ಲಿಸುವಾಗ ಸಾಮಾನ್ಯವಾಗಿ ಅಶ್ವಶಕ್ತಿ ಮತ್ತು ಬೆಲೆಯನ್ನು ಮಾತ್ರ ಪರಿಶೀಲಿಸಲಾಗುತ್ತದೆ. ಎಂಜಿನ್ನಿನ ಶಕ್ತಿಯನ್ನು ಚಕ್ರಗಳಿಗೆ ತಲುಪಿಸುವ ವ್ಯವಸ್ಥೆ, ಅಂದರೆ ಟ್ರಾನ್ಸ್‌ಮಿಷನ್, ಯಾವ ಮಾದರಿಯದು ಎಂಬುದು ಅಷ್ಟೇ ಮುಖ್ಯವಾದ ಅಂಶವಾಗಿದೆ. ಖರೀದಿಯ ನಂತರ ಇದನ್ನು ಬದಲಾಯಿಸಲು ಬರುವುದಿಲ್ಲ. ಸಾಲದ ಕಂತು ಮಾತ್ರ ಹಲವು ವರ್ಷ ಮುಂದುವರಿಯುತ್ತದೆ. ಆದುದರಿಂದ ಅರ್ಜಿ ಸಲ್ಲಿಸುವ ಮೊದಲು ಈ ಕೆಳಗಿನ ಮಾಹಿತಿಯನ್ನು ಗಮನಿಸುವುದು ಸೂಕ್ತ.

ಜಿಲ್ಲೆಯ ಪರಿಸ್ಥಿತಿ

ಜಿಲ್ಲೆಯಲ್ಲಿ ವಾರ್ಷಿಕವಾಗಿ ಸುಮಾರು 4,000 ಮಿ.ಮೀ. ಮಳೆಯಾಗುತ್ತಿದ್ದು, ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಅವಧಿಯಲ್ಲಿ ಸುರಿಯುತ್ತದೆ. ಭತ್ತದ ಭೂಮಿಯನ್ನು ಬೈಲು, ಮಜಲು ಮತ್ತು ಬೆಟ್ಟು ಎಂದು ವಿಂಗಡಿಸಲಾಗಿದೆ. ಬೈಲು ಗದ್ದೆಗಳಲ್ಲಿ ನೀರು ನಿಂತು ಕೆಸರು ಆಳವಾಗಿರುತ್ತದೆ. ಕಾಪು ತಾಲ್ಲೂಕಿನಲ್ಲಿ ಹೊಳೆ ಹಾಗೂ ಸಮುದ್ರಕ್ಕೆ ಸಮೀಪವಿರುವ ತಗ್ಗು ಗದ್ದೆಗಳಿಗೆ ಉಪ್ಪುನೀರಿನ ಸಮಸ್ಯೆಯೂ ಉಂಟು. ಕಾರ್ಕಳ ತಾಲ್ಲೂಕಿನಲ್ಲಿ ಮುರಕಲ್ಲಿನ ಇಳಿಜಾರು ನೆಲ ಮತ್ತು ಅಡಿಕೆ, ತೆಂಗಿನ ತೋಟಗಳು ಹೆಚ್ಚು. ಮಣಿಪಾಲದಂತಹ ನಗರ ಪ್ರದೇಶದಲ್ಲಿ ಸಂಸ್ಥೆಗಳ ಆವರಣದ ಹುಲ್ಲುಹಾಸು ಮತ್ತು ಉದ್ಯಾನ ನಿರ್ವಹಣೆಯೇ ಸಣ್ಣ ಟ್ರ್ಯಾಕ್ಟರಿನ ಕೆಲಸವಾಗಿರುತ್ತದೆ. ಈ ನಾಲ್ಕು ಬಗೆಯ ಕೆಲಸಕ್ಕೂ ಒಂದೇ ಮಾದರಿ ಸಮನಾಗಿ ಹೊಂದುವುದಿಲ್ಲ.

ಗೇರ್ ಮಾದರಿ

ಇದರಲ್ಲಿ ಎಂಜಿನ್ನಿನ ಶಕ್ತಿಯು ಕ್ಲಚ್ ಮೂಲಕ ಹಲ್ಲುಚಕ್ರಗಳಿಗೆ, ಅಲ್ಲಿಂದ ಗಾಲಿಗಳಿಗೆ ತಲುಪುತ್ತದೆ. ಪ್ರತಿ ಗೇರಿಗೂ ನಿಗದಿತ ವೇಗವಿರುತ್ತದೆ. ವೇಗ ಅಥವಾ ದಿಕ್ಕು ಬದಲಾಯಿಸಲು ಕ್ಲಚ್ ಒತ್ತುವುದು ಅಗತ್ಯ. ಭಾರತದ ಮಾರುಕಟ್ಟೆಯಲ್ಲಿ ದೊರೆಯುವ ಮಿನಿ ಟ್ರ್ಯಾಕ್ಟರ್‌ಗಳಲ್ಲಿ ಬಹುಪಾಲು ಈ ಮಾದರಿಯವು. ಕೆಲವು ಮಾದರಿಗಳಲ್ಲಿ ಒಂದೇ ಸನ್ನೆಯಿಂದ ಮುಂದಕ್ಕೂ ಹಿಂದಕ್ಕೂ ಬದಲಾಯಿಸುವ ಶಟಲ್ ವ್ಯವಸ್ಥೆ ಮತ್ತು ಅತಿ ನಿಧಾನವಾಗಿ ಚಲಿಸಲು ಕ್ರೀಪರ್ ಗೇರ್ ಅಳವಡಿಸಲಾಗಿರುತ್ತದೆ.

ಹೈಡ್ರೋಸ್ಟ್ಯಾಟಿಕ್ ಮಾದರಿ

ಇದರಲ್ಲಿ ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ. ಪಂಪಿನಿಂದ ಅಧಿಕ ಒತ್ತಡದಲ್ಲಿ ಹೊರಬರುವ ಎಣ್ಣೆಯು ಹೈಡ್ರಾಲಿಕ್ ಮೋಟಾರನ್ನು ತಿರುಗಿಸಿ ಗಾಲಿಗಳಿಗೆ ಚಲನೆ ನೀಡುತ್ತದೆ. ಪೆಡಲ್ ಅಥವಾ ಸನ್ನೆಯನ್ನು ಒತ್ತಿದಷ್ಟು ವೇಗ ದೊರೆಯುತ್ತದೆ; ಚಲಿಸುತ್ತಿರುವಾಗ ವೇಗ ಅಥವಾ ದಿಕ್ಕು ಬದಲಾಯಿಸಲು ಕ್ಲಚ್ ಬೇಕಾಗಿಲ್ಲ. ಜಿಲ್ಲೆಯ ರೈತರಿಗೆ ಈ ತಂತ್ರ ತೀರಾ ಅಪರಿಚಿತವಲ್ಲ. ಭತ್ತದ ಕಟಾವಿಗೆ ಬಾಡಿಗೆಗೆ ಬರುವ ರಬ್ಬರ್ ಟ್ರ್ಯಾಕ್‌ನ ಕಂಬೈನ್ ಯಂತ್ರಗಳಲ್ಲಿ ಮತ್ತು ಚಾಲಕ ಕುಳಿತು ನಡೆಸುವ ಹಲವು ನಾಟಿ ಯಂತ್ರಗಳಲ್ಲಿ ಇದೇ ವ್ಯವಸ್ಥೆ ಇರುತ್ತದೆ.

ಶಕ್ತಿಯ ನಷ್ಟ

ಹಲ್ಲುಚಕ್ರಗಳ ಒಂದು ಜೋಡಿಯಲ್ಲಿ ಶೇ. 1 ರಿಂದ 2ರಷ್ಟು ಶಕ್ತಿ ಮಾತ್ರ ನಷ್ಟವಾಗುತ್ತದೆ. ಶೇ. 2ರಂತೆ ನಾಲ್ಕು ಜೋಡಿಗಳನ್ನು ದಾಟಿದರೂ ಶೇ. 92ರಷ್ಟು ಶಕ್ತಿ ಉಳಿಯುತ್ತದೆ. ಹೈಡ್ರೋಸ್ಟ್ಯಾಟಿಕ್ ವ್ಯವಸ್ಥೆಯಲ್ಲಿ ಪಂಪು ಮತ್ತು ಮೋಟಾರು ತಲಾ ಶೇ. 90ರ ದಕ್ಷತೆಯಲ್ಲಿ ಕೆಲಸ ಮಾಡಿದರೆ ಉಳಿಯುವ ಶಕ್ತಿ ಶೇ. 81 ಮಾತ್ರ. ಉದಾಹರಣೆಗೆ, 20 ಅಶ್ವಶಕ್ತಿಯಲ್ಲಿ ಮೊದಲನೆಯದು ಸುಮಾರು 18.4 ಹಾಗೂ ಎರಡನೆಯದು ಸುಮಾರು 16.2 ಅಶ್ವಶಕ್ತಿಯನ್ನು ಮುಂದಕ್ಕೆ ತಲುಪಿಸುತ್ತದೆ. ಉಳಿದದ್ದು ಎಣ್ಣೆಯಲ್ಲಿ ಶಾಖವಾಗಿ ವ್ಯಯವಾಗುತ್ತದೆ. ಆದುದರಿಂದ ನೇಗಿಲು, ಕಲ್ಟಿವೇಟರ್ ಎಳೆಯುವುದು, ತುಂಬಿದ ಟ್ರೇಲರ್ ಸಾಗಿಸುವುದು ಮುಂತಾದ ಸತತ ಎಳೆತದ ಕೆಲಸಗಳಿಗೆ ಗೇರ್ ಮಾದರಿ ಹೆಚ್ಚು ಸೂಕ್ತವಾಗಿದೆ.

ರೋಟವೇಟರಿನ ವಿಷಯ ಸ್ವಲ್ಪ ಭಿನ್ನವಾಗಿದೆ. ರೋಟವೇಟರಿಗೆ ಬೇಕಾದ ಶಕ್ತಿಯು ಪಿಟಿಒ ಶಾಫ್ಟ್ ಮೂಲಕ ನೇರವಾಗಿ ದೊರೆಯುವುದರಿಂದ ಎರಡೂ ಮಾದರಿಗಳಲ್ಲಿ ಅದು ಎಣ್ಣೆಯ ಮೂಲಕ ಹಾದುಹೋಗುವುದಿಲ್ಲ. ಮೇಲೆ ಹೇಳಿದ ನಷ್ಟವು ಟ್ರ್ಯಾಕ್ಟರ್ ಚಲಿಸಲು ಬೇಕಾದ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಅಲ್ಲದೆ, ಹೈಡ್ರೋಸ್ಟ್ಯಾಟಿಕ್ ಮಾದರಿಯಲ್ಲಿ ಪಿಟಿಒ ವೇಗವನ್ನು ಕುಗ್ಗಿಸದೆ ಟ್ರ್ಯಾಕ್ಟರಿನ ವೇಗವನ್ನು ಮಾತ್ರ ತಗ್ಗಿಸಬಹುದಾಗಿದೆ.

ಸಣ್ಣ ಗದ್ದೆ ಮತ್ತು ತಿರುವುಗಳ ಲೆಕ್ಕ

10 ಸೆಂಟ್ಸ್ ಗದ್ದೆಯ ವಿಸ್ತೀರ್ಣ ಸುಮಾರು 405 ಚದರ ಮೀಟರ್. ಚೌಕವಾಗಿದ್ದರೆ ಪ್ರತಿ ಬದಿ ಸುಮಾರು 20 ಮೀಟರ್. 1.2 ಮೀಟರ್ ಅಗಲದ ರೋಟವೇಟರಿನಿಂದ ಇದನ್ನು ಒಮ್ಮೆ ಉಳಲು 17 ಸಾಲು, ಅಂದರೆ 16 ತಿರುವು ಬೇಕು. ಇಂತಹ ಹತ್ತು ಗದ್ದೆಗಳಿರುವ ಒಂದು ಎಕರೆಗೆ ಒಂದು ಸುತ್ತಿನಲ್ಲಿ 160 ಹಾಗೂ ಎರಡು ಸುತ್ತಿಗೆ 320 ತಿರುವುಗಳಾಗುತ್ತವೆ. ಗದ್ದೆಯ ಮೂಲೆಗಳಲ್ಲಿ ಹಿಂದಕ್ಕೆ ಚಲಿಸಿ ತಿರುಗಿಸಬೇಕಾಗುವುದರಿಂದ ಶಟಲ್ ಇಲ್ಲದ ಗೇರ್ ಟ್ರ್ಯಾಕ್ಟರಿನಲ್ಲಿ ಚಾಲಕನ ಕಾಲಿಗೂ ಕ್ಲಚ್ ಪ್ಲೇಟಿಗೂ ಹೆಚ್ಚಿನ ಶ್ರಮ ಬೀಳುತ್ತದೆ. ಹೈಡ್ರೋಸ್ಟ್ಯಾಟಿಕ್ ಮಾದರಿಯ ನಿಜವಾದ ಅನುಕೂಲ ಇಲ್ಲಿ ಕಂಡುಬರುತ್ತದೆ. ಆದಾಗ್ಯೂ, ಶಟಲ್ ಇರುವ ಗೇರ್ ಮಾದರಿಯಿಂದ ಈ ಅನುಕೂಲದ ಬಹುಭಾಗವನ್ನು ಪಡೆಯಬಹುದಾಗಿದೆ.

ಕೆಲಸಕ್ಕೆ ತಕ್ಕ ಆಯ್ಕೆ

1. ಬೈಲು ಗದ್ದೆಯ ಕೆಸರು ಉಳುಮೆ ಮತ್ತು ಸಾಗಾಣಿಕೆ ಮುಖ್ಯವಾಗಿದ್ದಲ್ಲಿ: ನಾಲ್ಕು ಚಕ್ರ ಚಾಲನೆಯ, ಶಟಲ್ ಸಹಿತ ಗೇರ್ ಮಾದರಿ.

2. ತೋಟದ ಸಾಲುಗಳ ನಡುವೆ ಕಳೆ ಕೊಚ್ಚುವುದು, ಔಷಧಿ ಸಿಂಪಡಣೆ ಮುಖ್ಯವಾಗಿದ್ದಲ್ಲಿ: ಕ್ರೀಪರ್ ಸಹಿತ ಗೇರ್ ಮಾದರಿ. ದುರಸ್ತಿ ಸೌಲಭ್ಯ ಸಮೀಪದಲ್ಲಿದ್ದರೆ ಹೈಡ್ರೋಸ್ಟ್ಯಾಟಿಕ್ ಮಾದರಿಯನ್ನೂ ಪರಿಗಣಿಸಬಹುದು. ಸಾಲುಗಳ ಅಂತರವನ್ನು ಅಳೆದು ಟ್ರ್ಯಾಕ್ಟರಿನ ಒಟ್ಟು ಅಗಲದೊಂದಿಗೆ ಹೋಲಿಸತಕ್ಕದ್ದು.

3. ಹುಲ್ಲುಹಾಸು ಕತ್ತರಿಸುವುದು, ಮುಂಭಾಗದ ಲೋಡರಿನಿಂದ ಮಣ್ಣು, ಗೊಬ್ಬರ ತುಂಬುವುದು ಮುಖ್ಯವಾಗಿದ್ದಲ್ಲಿ: ಹೈಡ್ರೋಸ್ಟ್ಯಾಟಿಕ್ ಮಾದರಿ.

4. ಕ್ಲಚ್ ಒತ್ತಲು ಕಷ್ಟವಾಗುವ ಹಿರಿಯರು ಅಥವಾ ಕಾಲುನೋವು ಉಳ್ಳವರು ಸ್ವತಃ ಚಲಾಯಿಸುವುದಿದ್ದಲ್ಲಿ: ಎರಡೂ ಮಾದರಿಗಳನ್ನು ಚಲಾಯಿಸಿ ನೋಡಿದ ನಂತರ ತೀರ್ಮಾನಿಸುವುದು.

ಇಳಿಜಾರಿನಲ್ಲಿ ಸುರಕ್ಷತೆ

ಗೇರ್ ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನ್ಯೂಟ್ರಲ್ ಸ್ಥಿತಿಯಲ್ಲಿ ಅಥವಾ ಕ್ಲಚ್ ಒತ್ತಿಕೊಂಡು ಇಳಿಸಬಾರದು. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬದಲಾಯಿಸತಕ್ಕದ್ದು. ಹೈಡ್ರೋಸ್ಟ್ಯಾಟಿಕ್ ಟ್ರ್ಯಾಕ್ಟರ್ ಪೆಡಲ್ ಬಿಟ್ಟೊಡನೆ ನಿಲ್ಲುತ್ತದೆಯಾದರೂ, ಆಂತರಿಕ ಎಣ್ಣೆ ಸೋರಿಕೆಯಿಂದ ಇಳಿಜಾರಿನಲ್ಲಿ ನಿಧಾನವಾಗಿ ಜಾರುವ ಸಂಭವವಿರುತ್ತದೆ. ಎಂಜಿನ್ ನಿಲ್ಲಿಸುವ ಮೊದಲೇ ಪಾರ್ಕಿಂಗ್ ಬ್ರೇಕ್ ಹಾಕುವುದು ಕಡ್ಡಾಯವೆಂದು ತಿಳಿಯತಕ್ಕದ್ದು.

ನಿರ್ವಹಣೆ ಮತ್ತು ದುರಸ್ತಿ

ಗೇರ್ ಮಾದರಿಯಲ್ಲಿ ಹೆಚ್ಚಾಗಿ ಸವೆಯುವ ಭಾಗ ಕ್ಲಚ್ ಪ್ಲೇಟ್. ಪೆಡಲಿನ ಮೇಲೆ ಸದಾ ಕಾಲಿರಿಸಿ ಚಲಾಯಿಸಿದರೆ ಅದು ಬೇಗ ಹಾಳಾಗುತ್ತದೆ. ಟ್ರ್ಯಾಕ್ಟರ್ ದುರಸ್ತಿ ತಿಳಿದ ಸ್ಥಳೀಯ ಮೆಕ್ಯಾನಿಕ್ ಇದನ್ನು ಬದಲಾಯಿಸಬಲ್ಲರು. ಹೈಡ್ರೋಸ್ಟ್ಯಾಟಿಕ್ ಮಾದರಿಯಲ್ಲಿ ಕ್ಲಚ್ ಸವೆತದ ತೊಂದರೆ ಕಡಿಮೆ. ಆದರೆ ಪಂಪು ಮತ್ತು ಮೋಟಾರಿನ ಬಿಡಿಭಾಗಗಳ ನಡುವಿನ ಅಂತರ ಅತಿ ಸೂಕ್ಷ್ಮವಾಗಿರುವುದರಿಂದ ಎಣ್ಣೆಯಲ್ಲಿ ಸೇರುವ ನೀರು ಅಥವಾ ಮಣ್ಣು ಅವುಗಳನ್ನು ಹಾಳುಮಾಡುತ್ತದೆ. ತಯಾರಕರು ಸೂಚಿಸಿದ ಎಣ್ಣೆಯನ್ನೇ ಬಳಸಿ, ನಿಗದಿತ ಅವಧಿಗೆ ಫಿಲ್ಟರ್ ಬದಲಾಯಿಸುವುದು ಅವಶ್ಯ. ಇದರ ದುರಸ್ತಿಗೆ ವಿಶೇಷ ತರಬೇತಿ ಪಡೆದವರೇ ಬೇಕಾಗುತ್ತಾರೆ.

ಯಂತ್ರನಾಟಿಗಾಗಿ ಬೆಳೆಸಿದ ಚಾಪೆ ನೇಜಿಯನ್ನು ಸಾಮಾನ್ಯವಾಗಿ 15 ರಿಂದ 20 ದಿನಗಳೊಳಗೆ ನಾಟಿ ಮಾಡಬೇಕಾಗುತ್ತದೆ. ಉಳುಮೆಯ ನಡುವೆ ಟ್ರ್ಯಾಕ್ಟರ್ ಕೆಟ್ಟು ಬಿಡಿಭಾಗಕ್ಕಾಗಿ ಎರಡು ವಾರ ಕಾಯಬೇಕಾದರೆ ನೇಜಿ ಬಲಿತು ಬೆಳೆಗೆ ನಷ್ಟವಾಗುತ್ತದೆ. ಆದುದರಿಂದ ಬಿಡಿಭಾಗಗಳು ಎಲ್ಲಿ ದಾಸ್ತಾನಿವೆ, ಮಳೆಗಾಲದಲ್ಲಿ ಮೆಕ್ಯಾನಿಕ್ ಎಷ್ಟು ದಿನಗಳೊಳಗೆ ಜಮೀನಿಗೆ ಬರುತ್ತಾರೆ ಎಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆಯುವುದು ಸೂಕ್ತ. ಉಪ್ಪುನೀರಿನ ಗದ್ದೆಯಲ್ಲಿ ಬಳಸಿದ ಯಾವುದೇ ಯಂತ್ರವನ್ನು ಅದೇ ದಿನ ಸಿಹಿನೀರಿನಿಂದ ತೊಳೆಯತಕ್ಕದ್ದು.

ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

1. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರ್‌ಗಳನ್ನು ಪರೀಕ್ಷಿಸಿ ವರದಿ ನೀಡುತ್ತದೆ. ಮಾರಾಟಗಾರರಿಂದ ಪರೀಕ್ಷಾ ವರದಿಯನ್ನು ಕೇಳಿ ಪಡೆದು ಪಿಟಿಒ ಶಕ್ತಿ, ಎಳೆತದ ಸಾಮರ್ಥ್ಯ ಮತ್ತು ಇಂಧನ ಬಳಕೆಯನ್ನು ಹೋಲಿಸತಕ್ಕದ್ದು. ಜಾಹೀರಾತಿನಲ್ಲಿ ಕಾಣುವ ಅಶ್ವಶಕ್ತಿಯು ಸಾಮಾನ್ಯವಾಗಿ ಎಂಜಿನ್ನಿನದಾಗಿರುತ್ತದೆ.

2. ಸಾಧ್ಯವಾದಲ್ಲಿ ಸ್ವಂತ ಗದ್ದೆಯಲ್ಲಿಯೇ, ನೀರು ನಿಂತಿರುವಾಗ, ಪ್ರಾತ್ಯಕ್ಷಿಕೆ ಕೋರಬೇಕು.

3. 2025ರ ಸೆಪ್ಟೆಂಬರ್ 22 ರಿಂದ ಕೃಷಿ ಟ್ರ್ಯಾಕ್ಟರ್‌ಗಳ ಮೇಲಿನ ಜಿಎಸ್‌ಟಿ ಶೇ. 12 ರಿಂದ ಶೇ. 5ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ದರಪಟ್ಟಿಯನ್ನು ಆಧರಿಸಬಾರದು.

4. ವರ್ಷದಲ್ಲಿ ಕೆಲವೇ ದಿನಗಳ ಕೆಲಸವಿರುವ ರೈತರು ಖರೀದಿಗಿಂತ ಕೃಷಿ ಯಂತ್ರಧಾರೆ ಬಾಡಿಗೆ ಸೇವಾ ಕೇಂದ್ರಗಳಿಂದ ಯಂತ್ರ ಪಡೆಯುವ ಬಗ್ಗೆ ಮೊದಲು ವಿಚಾರಿಸುವುದು ಲಾಭಕರ.

ಅರ್ಜಿ ಸಲ್ಲಿಕೆ

ಅರ್ಜಿದಾರರು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿ ರೈತರ ಗುರುತಿನ ಸಂಖ್ಯೆ (ಎಫ್‌ಐಡಿ) ಹೊಂದಿರಬೇಕು. ಪಹಣಿ, ಆಧಾರ್ ಕಾರ್ಡ್, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಭಾವಚಿತ್ರ ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ರೈತರಾಗಿದ್ದಲ್ಲಿ ಜಾತಿ ಪ್ರಮಾಣ ಪತ್ರದೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ. ಸಹಾಯಧನದ ಪ್ರಮಾಣ, ಗರಿಷ್ಠ ಮಿತಿ ಮತ್ತು ಅರ್ಹ ಮಾದರಿಗಳ ಪಟ್ಟಿ ಆಯಾ ವರ್ಷದ ಮಾರ್ಗಸೂಚಿಗೆ ಒಳಪಟ್ಟಿರುತ್ತದೆ. ಆಯ್ಕೆ ಮಾಡಿದ ಮಾದರಿ ಆ ಪಟ್ಟಿಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಂಡು, ಮಂಜೂರಾತಿ ದೊರೆತ ನಂತರವೇ ಮಾರಾಟಗಾರರಿಗೆ ಹಣ ಪಾವತಿಸುವುದು ಕ್ಷೇಮಕರ. ಖರೀದಿಸಿದ ಟ್ರ್ಯಾಕ್ಟರನ್ನು ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ.

ತಾಂತ್ರಿಕ ಸಲಹೆಗಾಗಿ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವನ್ನು ಸಹ ಸಂಪರ್ಕಿಸಬಹುದು. ರೈತ ಬಾಂಧವರು ತಮ್ಮ ಜಮೀನಿನ ವಿಧ, ವರ್ಷದ ಕೆಲಸದ ದಿನಗಳು ಮತ್ತು ಸಮೀಪದ ದುರಸ್ತಿ ಸೌಲಭ್ಯವನ್ನು ಬರೆದಿಟ್ಟುಕೊಂಡು ಬಂದಲ್ಲಿ ಸೂಕ್ತ ಮಾದರಿಯ ಬಗ್ಗೆ ಸಲಹೆ ಪಡೆಯಲು ಅನುಕೂಲವಾಗುತ್ತದೆ.