ಟಾಕೀಸು ಹೋಯಿತು, ಹೆಸರು ಉಳಿಯಿತು

ಮಂಗಳೂರಿನಲ್ಲಿ ಸಿಟಿ ಬಸ್ಸು ಹತ್ತಿ ಬಲ್ಮಠದ ಕಡೆಗೆ ಹೊರಟರೆ ಕಂಡಕ್ಟರ್ "ಜ್ಯೋತಿ, ಜ್ಯೋತಿ" ಎಂದು ಕೂಗುವುದನ್ನು ನೀವು ಕೇಳಿರಬಹುದು. ಆ ವೃತ್ತದ ಅಧಿಕೃತ ಹೆಸರು ಅಂಬೇಡ್ಕರ್ ವೃತ್ತ. ಆದರೆ ಜನರ ಬಾಯಲ್ಲಿ ಉಳಿದಿರುವುದು ಅಲ್ಲಿದ್ದ ಜ್ಯೋತಿ ಟಾಕೀಸಿನ ಹೆಸರು. ಟಾಕೀಸು ಮಾತ್ರ ಇಂದಿಲ್ಲ.

ಸಿನೆಮಾ ನೋಡಬೇಕೇ ಬೇಡವೇ ಎಂಬುದು ಇಲ್ಲಿನ ಚರ್ಚೆಯಲ್ಲ. ಒಂದು ಕಟ್ಟಡದ ಕೆಲಸ ಮುಗಿದ ಮೇಲೆ ಅದರ ಗತಿಯೇನು? ಓದುಗ ಸಹೋದರಿಯರೇ, ಇದರ ಬಗ್ಗೆ ಸ್ವಲ್ಪ ಯೋಚಿಸೋಣ.

ತುಳು ಭಾಷೆಯ ಮೊದಲ ಚಲನಚಿತ್ರ 'ಎನ್ನ ತಂಗಡಿ' ತೆರೆಕಂಡದ್ದು 1971ರಲ್ಲಿ. ಆ ಕಾಲದಲ್ಲಿ ಟಾಕೀಸೆಂದರೆ ಒಂದೇ ಪರದೆ, ಒಂದೇ ದೊಡ್ಡ ಹಾಲ್. ಮುಂದೆ ಮನೆಮನೆಗೆ ಟಿ.ವಿ. ಬಂತು, ಕೇಬಲ್ ಬಂತು. ಆಮೇಲೆ ಸಿಟಿ ಸೆಂಟರ್, ಫಿಝಾ ಮಾಲ್‌ಗಳಲ್ಲಿ ಹಲವು ಪರದೆಗಳ ಚಿತ್ರಮಂದಿರಗಳು ಬಂದವು. 2020ರ ಕೊರೋನಾ ಲಾಕ್‌ಡೌನ್ ಹಳೆಯ ಟಾಕೀಸುಗಳಿಗೆ ಕೊನೆಯ ಪೆಟ್ಟು ಕೊಟ್ಟಿತು. ಜ್ಯೋತಿಯ ಕಟ್ಟಡವೂ ನೆಲಸಮವಾಯಿತು. ಗೇಟು ಕಾಯುವವರು, ಪ್ರೊಜೆಕ್ಟರ್ ನಡೆಸುವವರು, ಹೊರಗೆ ಕಡಲೆ ಮಾರುವವರು, ಹೀಗೆ ಒಂದೊಂದು ಟಾಕೀಸನ್ನು ನಂಬಿ ಎಷ್ಟೋ ಮನೆಗಳ ಒಲೆ ಉರಿಯುತ್ತಿತ್ತು. ಜಾಗದ ಬೆಲೆ ಎಷ್ಟೆಂದು ಕೇಳುವವರು ಅನೇಕರು. ಇವರ ಬಗ್ಗೆ ವಿಚಾರಿಸುವವರು ಎಷ್ಟು ಮಂದಿ?

ಎಲ್ಲ ಕಟ್ಟಡಗಳ ಹಣೆಬರಹವೂ ಕೆಡವುವುದೇ ಅಲ್ಲ. ಬೆಂಗಳೂರಿನ ಬ್ರಿಗೇಡ್ ರಸ್ತೆಯ ಬಳಿಯ ಒಪೆರಾ ಹೌಸ್ ಬ್ರಿಟಿಷರ ಕಾಲದಲ್ಲಿ ನಾಟಕಶಾಲೆಯಾಗಿತ್ತು, ಬಳಿಕ ಸಿನೆಮಾ ಮಂದಿರವಾಯಿತು. ಅನೇಕ ವರ್ಷ ಬೀಗ ಬಿದ್ದಿದ್ದ ಅದನ್ನು ದುರಸ್ತಿ ಮಾಡಿ 2018ರಲ್ಲಿ ಸ್ಯಾಮ್‌ಸಂಗ್ ಕಂಪೆನಿ ತನ್ನ ಮಳಿಗೆ ತೆರೆಯಿತು. ಗೋಡೆ ಹಳೆಯದೇ, ಉಪಯೋಗ ಹೊಸದು.

ಜಾಗದ ಉಪಯೋಗ ಬದಲಾದ ಇನ್ನೊಂದು ಉದಾಹರಣೆ ನಮ್ಮ ಇತಿಹಾಸದಲ್ಲೇ ಇದೆ. ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದ್(ಸ)ರು ಮದೀನಾಕ್ಕೆ ಬಂದಾಗ ಮಸೀದಿಗೆ ಆರಿಸಿದ್ದು ಖರ್ಜೂರ ಒಣಗಿಸುವ ಒಂದು ಅಂಗಳವನ್ನು. ಅದು ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಹುಡುಗರದ್ದು. ಜಾಗವನ್ನು ಉಚಿತವಾಗಿ ಕೊಡಲು ಸಿದ್ಧರಿದ್ದರೂ ಪ್ರವಾದಿವರ್ಯರು(ಸ) ಒಪ್ಪಲಿಲ್ಲ, ಬೆಲೆ ಕೊಟ್ಟೇ ಪಡೆದರು. ಮೊದಲು ಹಕ್ಕುದಾರರ ಹಕ್ಕು, ಆಮೇಲೆ ಕಟ್ಟಡ!

ಆ ಮಸೀದಿ ಬರೀ ನಮಾಝಿಗೆ ಸೀಮಿತವಾಗಿರಲಿಲ್ಲ. ಅಲ್ಲಿ ಪಾಠ ನಡೆಯುತ್ತಿತ್ತು. ಮನೆಯಿಲ್ಲದ ಬಡವರಿಗೆ 'ಸುಫ್ಫಾ' ಎಂಬ ಚಾವಡಿಯಿತ್ತು. ಸ್ತ್ರೀಯರೂ ನಮಾಝಿಗೆ ಬರುತ್ತಿದ್ದರು. ಗಾಯಾಳುಗಳ ಆರೈಕೆಗೆ ರುಫೈದಾ(ರ) ಎಂಬ ಮಹಿಳೆಯ ಡೇರೆಯೂ ಅಲ್ಲಿತ್ತು.

ಈಗ ನಮ್ಮ ಊರಿನತ್ತ ನೋಡಿ. ಮುಚ್ಚಿದ ಟಾಕೀಸು ಸಿಗದಿದ್ದರೂ ಬೀಗ ಹಾಕಿದ ಹಳೆಯ ಮನೆ, ಸಂಜೆಯ ನಂತರ ಖಾಲಿ ಬೀಳುವ ಮದ್ರಸದ ಕೋಣೆ ಇರುತ್ತದೆ. ಹಳೆಯ ಮನೆಯಾದರೆ ಮೊದಲು ಹೆಣ್ಮಕ್ಕಳ ಪಾಲು ಸಂದಿದೆಯೇ ಎಂದು ವಿಚಾರಿಸಿ. ಪಾಲು ಕೊಡದೆ ಧರ್ಮಕಾರ್ಯಕ್ಕೆ ಬಿಟ್ಟರೆ ಅದು ದಾನವಾಗದು. ಹಕ್ಕು ತೀರಿದ ಮೇಲೆ ಅಲ್ಲೊಂದು ವಾಚನಾಲಯವನ್ನೋ ಹೊಲಿಗೆ ತರಗತಿಯನ್ನೋ ತೆರೆಯಬಹುದು. ಮದ್ರಸದ ಕೋಣೆಯಾದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯೂಷನ್ ನಡೆಸಬಹುದು. ಮುಂದಿನ ಜಮಾಅತ್ ಸಭೆಗೆ ಮುಂಚೆ ನಿಮ್ಮ ಮನೆಯ ಗಂಡಸರ ಕಿವಿಗೆ ಈ ಮಾತು ಹಾಕಿ. ಕೇಳಿದ್ದೂ ಕೇಳದಂತಿದ್ದರೆ, ನೀವೇ ನಾಲ್ವರು ಸೇರಿ ಒಂದು ಅರ್ಜಿ ಬರೆಯಿರಿ.