ಸಂಸ್ಥಾನ, ರಾಜ್ಯ, ಜಿಲ್ಲೆ: ಕೊಡಗಿನ ಚರಿತ್ರೆಯಲ್ಲಿ ವ್ಯಾಪಾರದ ಪಾತ್ರ

1773ರ ಡಿಸೆಂಬರಿನಲ್ಲಿ ಅಮೆರಿಕದ ಬಾಸ್ಟನ್ ಬಂದರಿನಲ್ಲಿ ನಾಗರಿಕರು ಸಮುದ್ರಕ್ಕೆ ಎಸೆದ ಚಹಾ ಪೆಟ್ಟಿಗೆಗಳು ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ್ದವು. 1790ರಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರನೊಡನೆ ಒಪ್ಪಂದ ಮಾಡಿಕೊಂಡದ್ದೂ ಅದೇ ಕಂಪನಿ. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಅಮೆರಿಕನ್ನರಿಗೆ ಶರಣಾಗಿದ್ದ ಕಾರ್ನ್‌ವಾಲಿಸನೇ ಆಗ ಭಾರತದಲ್ಲಿ ಗವರ್ನರ್ ಜನರಲ್ ಆಗಿದ್ದನು. ಎರಡೂ ನಾಡುಗಳ ಮುಂದಿನ ಚರಿತ್ರೆ ಬೇರೆ ಬೇರೆ ದಾರಿ ಹಿಡಿಯಿತಾದರೂ, ಎರಡರಲ್ಲೂ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಎದುರಾದವು: ಸರಕನ್ನು ಯಾರಿಗೆ ಮಾರಬೇಕು? ತೆರಿಗೆಯನ್ನು ಯಾವ ರೂಪದಲ್ಲಿ ಕಟ್ಟಬೇಕು? ಇವನ್ನು ನಿರ್ಧರಿಸುವ ಸಭೆಯಲ್ಲಿ ಯಾರು ಕುಳಿತಿರಬೇಕು?

ಒಬ್ಬನೇ ಗಿರಾಕಿ

ಅಮೆರಿಕದ ವಸಾಹತುಗಳು ತಂಬಾಕಿನಂತಹ ಮುಖ್ಯ ಸರಕುಗಳನ್ನು ಇಂಗ್ಲೆಂಡಿಗೂ ಅದರ ಅಧೀನ ಪ್ರದೇಶಗಳಿಗೂ ಮಾತ್ರ ಕಳುಹಿಸಬೇಕೆಂದು ನೌಕಾಯಾನ ಕಾಯಿದೆಗಳು ವಿಧಿಸಿದ್ದವು. ಕೊಡಗಿನ ಒಪ್ಪಂದದಲ್ಲಿಯೂ ಇದರ ಛಾಯೆ ಕಾಣುತ್ತದೆ. ಟಿಪ್ಪುವಿನ ವಿರುದ್ಧ ಅರಸನು ಕಂಪನಿಗೆ ನೆರವಾಗಬೇಕು, ನಾಡಿನಲ್ಲಿ ದೊರೆಯುವ ಸಾಮಗ್ರಿಗಳನ್ನು ಪೂರೈಸಬೇಕು, ಇತರ ಟೋಪಿವಾಲರೊಡನೆ, ಎಂದರೆ ಐರೋಪ್ಯರೊಡನೆ, ಸಂಬಂಧ ಇರಿಸಿಕೊಳ್ಳಬಾರದು ಎಂಬುದು ಅದರ ಸಾರ. ಪ್ರತಿಯಾಗಿ ಕೊಡಗಿನ ಸ್ವಾತಂತ್ರ್ಯವನ್ನು ಕಾಯುವುದಾಗಿ ಕಂಪನಿ ಮಾತು ಕೊಟ್ಟಿತು. ಆ ಮಾತು ಉಳಿದದ್ದು 44 ವರ್ಷಗಳು ಮಾತ್ರ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ಕಂಪನಿ ತನ್ನ ವಶಕ್ಕೆ ತೆಗೆದುಕೊಂಡಿತು.

ನಗದು ಕಂದಾಯದ ಹೊರೆ

ಅದುವರೆಗೆ ಕೊಡಗಿಗೆ ಸೇರಿದ್ದ ಸುಳ್ಯ, ಪುತ್ತೂರು ಸೀಮೆಯ ಭಾಗಗಳನ್ನು ಕಂಪನಿಯು ದಕ್ಷಿಣ ಕನ್ನಡಕ್ಕೆ ಸೇರಿಸಿತು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಈಗ ನಗದಾಗಿ ಕಟ್ಟಬೇಕಾಯಿತು. ಕಂತಿನ ಗಡುವಿಗೆ ಹಣ ಹೊಂದಿಸಲು ಎಲ್ಲರೂ ಒಮ್ಮೆಲೇ ಧಾನ್ಯ ಮಾರಲು ಹೊರಟರೆ ಬೆಲೆ ಕುಸಿಯುತ್ತದೆ; ಸಾಲ ಬೆಳೆಯುತ್ತದೆ. ವರ್ತಕರಿಗೆ ಇದನ್ನು ವಿವರಿಸಬೇಕಾಗಿಲ್ಲ. 1837ರ ಅಮರ ಸುಳ್ಯ ದಂಗೆಗೆ ಈ ಅಸಮಾಧಾನವೂ ಒಂದು ಕಾರಣವಾಯಿತು. ಬಂಡಾಯಗಾರರು ಏಪ್ರಿಲಿನಲ್ಲಿ ಮಂಗಳೂರನ್ನು ವಶಪಡಿಸಿಕೊಂಡು ಸುಮಾರು ಎರಡು ವಾರ ಹಿಡಿದಿಟ್ಟುಕೊಂಡರು. ದಂಗೆ ಅಡಗಿದ ಮೇಲೆ ನಾಯಕರಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಅದೇ ವರ್ಷ ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಅಮೆರಿಕದಲ್ಲಿ ತೆರಿಗೆಯ ವಿರೋಧ ಹೊಸ ರಾಷ್ಟ್ರವನ್ನೇ ಕಟ್ಟಿತು. ಇಲ್ಲಿ ಅದು ಸೇನೆಯ ಬಲದಿಂದ ಅಡಗಿತು.

ಕಾಫಿ ತಂದ ಬದಲಾವಣೆ

1854ರಲ್ಲಿ ಫೌಲರ್ ಎಂಬ ಐರೋಪ್ಯನು ಮಡಿಕೇರಿಯ ಬಳಿ ತೋಟ ತೆರೆದ ಬಳಿಕ ಐರೋಪ್ಯ ತೋಟಗಾರರ ಆಗಮನ ಹೆಚ್ಚಿತು. ಘಟ್ಟದ ಇಳಿಜಾರಿನಲ್ಲಿ ಮರ ಕಡಿದು ಬೆಳೆಸಿದ ಅನೇಕ ತೋಟಗಳು ಕಾಂಡಕೊರಕದ ಹಾವಳಿಗೆ ತುತ್ತಾದವು. ಮುಂದೆ ಪೂರ್ವದ ಬಿದಿರು ಸೀಮೆಯಲ್ಲಿ, ಮರದ ನೆರಳಿನಡಿ ಬೆಳೆಯುವ ಕ್ರಮ ನೆಲೆಗೊಂಡಿತು. ಅಮೆರಿಕದಲ್ಲಿ ವಲಸೆ ಬಂದವರೇ ನಾಡಿನ ಒಡೆಯರಾಗಿ, ಮೂಲನಿವಾಸಿಗಳು ನೆಲ ಕಳೆದುಕೊಂಡರು. ಕೊಡಗಿನಲ್ಲಿ ಜಮ್ಮಾ ಹಿಡುವಳಿಯ ಕುಟುಂಬಗಳು ಗದ್ದೆಯನ್ನು ಉಳಿಸಿಕೊಂಡು ತಾವೂ ಕಾಫಿಗೆ ಕೈ ಹಾಕಿದವು. ಆದಕಾರಣ ಇಲ್ಲಿ ದೊಡ್ಡ ಎಸ್ಟೇಟುಗಳ ಜೊತೆಗೆ ಸಣ್ಣ ಬೆಳೆಗಾರರ ವರ್ಗವೂ ಬೆಳೆಯಿತು.

ಆಡಳಿತದಲ್ಲಿ ಮಾತ್ರ ಸ್ಥಳೀಯರ ದನಿ ತಡವಾಗಿ ಬಂದಿತು. 1881ರ ಬಳಿಕ ಬೆಂಗಳೂರಿನಲ್ಲಿದ್ದ ಮೈಸೂರಿನ ರೆಸಿಡೆಂಟನೇ ಕೊಡಗಿನ ಚೀಫ್ ಕಮಿಷನರ್ ಆಗಿದ್ದನು. ಚುನಾಯಿತ ಸದಸ್ಯರಿದ್ದ ಶಾಸನ ಪರಿಷತ್ತು ದೊರೆತದ್ದು 1924ರಲ್ಲಿ.

ಪ್ರತ್ಯೇಕವೋ, ವಿಲೀನವೋ

ಸ್ವಾತಂತ್ರ್ಯದ ನಂತರ ಕೊಡಗು 'ಸಿ' ವರ್ಗದ ರಾಜ್ಯವಾಯಿತು. 1952ರ ಚುನಾವಣೆಯಲ್ಲಿ 24 ಸ್ಥಾನಗಳ ಪೈಕಿ ಕಾಂಗ್ರೆಸ್ 15ನ್ನು ಗೆದ್ದು ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಪಂದ್ಯಂಡ ಬೆಳ್ಳಿಯಪ್ಪನವರ ನೇತೃತ್ವದ ತಕ್ಕಡಿ ಪಕ್ಷ ವಿಲೀನವನ್ನು ವಿರೋಧಿಸಿತು. ರಾಜ್ಯ ಪುನರ್ವಿಂಗಡಣೆಯ ಫಲವಾಗಿ 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು.

ಸಣ್ಣ ಘಟಕದ ಈ ಆತಂಕ ಅಮೆರಿಕಕ್ಕೂ ಹೊಸದಾಗಿರಲಿಲ್ಲ. ಸ್ವಾತಂತ್ರ್ಯಾನಂತರ ಅಲ್ಲಿನ ರಾಜ್ಯಗಳು ಪರಸ್ಪರರ ಸರಕಿನ ಮೇಲೆ ಸುಂಕ ಹೇರಿ ಕಚ್ಚಾಡಿದವು. ಅದನ್ನು ತಪ್ಪಿಸಲೆಂದು 1787ರ ಸಂವಿಧಾನವು ಅಂತರರಾಜ್ಯ ವಾಣಿಜ್ಯದ ನಿಯಂತ್ರಣವನ್ನು ಕೇಂದ್ರಕ್ಕೆ ಒಪ್ಪಿಸಿತು. ಪುಟ್ಟ ರೋಡ್ ಐಲೆಂಡ್ ಆ ಸಭೆಗೆ ಪ್ರತಿನಿಧಿಗಳನ್ನೇ ಕಳುಹಿಸಲಿಲ್ಲ. ಒಕ್ಕೂಟಕ್ಕೆ ಒಪ್ಪಿದ್ದು 1790ರಲ್ಲಿ. ಆದರೆ ಸೆನೆಟ್ಟಿನಲ್ಲಿ ಅತಿ ದೊಡ್ಡ ರಾಜ್ಯಕ್ಕೆ ಇರುವಷ್ಟೇ, ಎರಡು, ಸ್ಥಾನಗಳು ಅದಕ್ಕೂ ಇವೆ.

ಕೊಡಗಿಗೆ ಅಂತಹ ಖಾತರಿ ದೊರೆಯಲಿಲ್ಲ. ತನ್ನದೇ 24 ಸದಸ್ಯರ ವಿಧಾನಸಭೆಯೂ ಒಂದು ಲೋಕಸಭಾ ಸ್ಥಾನವೂ ಇದ್ದ ನಾಡಿಗೆ ಇಂದು ಕರ್ನಾಟಕ ವಿಧಾನಸಭೆಯಲ್ಲಿ ಎರಡು ಸ್ಥಾನಗಳಿವೆ. ಲೋಕಸಭೆಗೆ ಅದು ಮೈಸೂರಿನೊಡನೆ ಹಂಚಿಕೊಂಡ ಕ್ಷೇತ್ರ. ಗಳಿಕೆಯೂ ಇಲ್ಲದಿಲ್ಲ. ದೇಶದೊಳಗೆ ವ್ಯಾಪಾರ ಮುಕ್ತವಾಗಿರಬೇಕೆಂದು ಸಂವಿಧಾನದ 301ನೆಯ ವಿಧಿ ಸಾರುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಬೆಳೆಯುವ ಜಿಲ್ಲೆಗೆ ಇಂತಹ ವಿಶಾಲ ಮಾರುಕಟ್ಟೆ ಅನಿವಾರ್ಯ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಯುದ್ಧದಿಂದ ಯೂರೋಪಿನ ಮಾರುಕಟ್ಟೆ ಮುಚ್ಚಿದಾಗ, 1940ರ ದಶಕದ ಆರಂಭದಲ್ಲಿ ಕಾಫಿಯ ಸಾಮೂಹಿಕ ಮಾರಾಟ ವ್ಯವಸ್ಥೆ ಜಾರಿಗೆ ಬಂದಿತು. ಬೆಳೆಗಾರರು ಫಸಲನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ ಹಣಕ್ಕಾಗಿ ಕಾಯಬೇಕಿತ್ತು. ಆದ್ದರಿಂದ ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗಲೂ ಅದರ ಮುಖ್ಯ ಬೆಳೆಯ ಮಾರಾಟ ಮಡಿಕೇರಿಯ ವಿಧಾನಸಭೆಯ ಕೈಯಲ್ಲಿರಲಿಲ್ಲ. ಈ ಕಟ್ಟುಪಾಡು 1992ರಿಂದ ಹಂತ ಹಂತವಾಗಿ ಸಡಿಲಗೊಂಡು 1996ರಲ್ಲಿ ಕೊನೆಗೊಂಡಿತು. 'ಒಬ್ಬನೇ ಗಿರಾಕಿ'ಯ ಕಾಲ ಹೀಗೆ ಮುಗಿಯಿತು.

ಸ್ಥಾನಗಳ ಸಂಖ್ಯೆಯಲ್ಲಿ ಕಳೆದುಕೊಂಡ ದನಿಯನ್ನು ಸಣ್ಣ ಜಿಲ್ಲೆಯೊಂದು ಸಂಘಟನೆಯಿಂದಲೇ ಪಡೆಯಬೇಕಾಗುತ್ತದೆ. ತೋಟಗಾರರು 1893ರಲ್ಲಿಯೇ ಉಪಾಸಿಯ ಮೂಲಕ ದಕ್ಷಿಣ ಭಾರತದ ಮಟ್ಟದಲ್ಲಿ ಒಂದಾಗಿದ್ದರು. ಸುಂಕ, ಸಾಗಣೆ, ಸಾಲಗಳ ಕುರಿತ ತೀರ್ಮಾನಗಳು ಬೆಂಗಳೂರು, ದೆಹಲಿಗಳಲ್ಲಿ ಆಗುವಾಗ, ಸಣ್ಣ ಬೆಳೆಗಾರರೂ ವರ್ತಕರೂ ಸಂಸ್ಕರಣಾ ಘಟಕಗಳವರೂ ಒಂದೇ ಮನವಿಯೊಡನೆ ಅಲ್ಲಿಗೆ ಹೋಗಬಲ್ಲರೇ ಎಂಬುದರ ಮೇಲೆ ಜಿಲ್ಲೆಯ ವ್ಯಾಪಾರದ ಹಿತ ನಿಂತಿದೆ.